ಮನೆ ಮುಂದೆ ನೀರು ನಿಲ್ಲುತ್ತಾ? ರಸ್ತೆಯ ಅಂಚನ್ನು ಏರಿಸಬೇಡಿ, ಇಳಿಸಿ

ರಸ್ತೆಯ ಅಂಚು, ಅಂದರೆ ಟಾರಿಗೂ ಚರಂಡಿಗೂ ನಡುವಿನ ಮಣ್ಣಿನ ಪಟ್ಟಿ, ಕೆಸರಾಯಿತು ಅಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಮನೆ ಒಡೆದ ಇಟ್ಟಿಗೆ ಚೂರು, ಮಣ್ಣು ತಂದು ಗುಂಡಿಗೆ ಸುರಿಯುವುದು. ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ. ಮುಂದಿನ ಮಳೆಗೆ ಪಕ್ಕದಲ್ಲೇ ಇನ್ನೊಂದು ಗುಂಡಿ.

ಮಣ್ಣು ಸುರಿದಷ್ಟೂ ಅಂಚು ಟಾರಿಗಿಂತ ಎತ್ತರವಾಗುತ್ತದೆ. ರಸ್ತೆ ಮೇಲೆ ಬಿದ್ದ ನೀರು ಆಚೆ ಹೋಗಲು ದಾರಿಯಿಲ್ಲದೆ ಟಾರಿನ ಪಕ್ಕದಲ್ಲೇ ನಿಲ್ಲುತ್ತದೆ. ನಿಧಾನವಾಗಿ ಅಡಿಯ ಜಲ್ಲಿಗೆ ಇಳಿದು ಅದನ್ನು ಸಡಿಲ ಮಾಡುತ್ತದೆ. ಆಮೇಲೆ ಭಾರದ ಗಾಡಿಯೊಂದು ಅಂಚಿಗೆ ಬಂದರೆ ಸಾಕು, ಟಾರಿನ ತುದಿ ತುಂಡು ತುಂಡಾಗಿ ಕಳಚುತ್ತದೆ. ಹಾಗಾಗಿ ಮಾಡಬೇಕಾದ ಕೆಲಸ ತುಂಬುವುದಲ್ಲ, ಕೆರೆಯುವುದು.

1. ಮಳೆ ಬರುವಾಗ ಹೊರಗೆ ನಿಂತು ನೋಡಿ

ನೀರು ಎಲ್ಲಿಂದ ಬರುತ್ತಿದೆ? ರಸ್ತೆಯಿಂದಲೋ, ನಿಮ್ಮದೇ ಛಾವಣಿಯ ಪೈಪಿನಿಂದಲೋ, ಚರಂಡಿ ತುಂಬಿ ಉಕ್ಕುತ್ತಿದೆಯೋ? ಛಾವಣಿಯ ಪೈಪ್ ಅಂಚಿಗೆ ನೀರು ಉಗುಳುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಚರಂಡಿ ಉಕ್ಕುತ್ತಿದ್ದರೆ ಗೇಟಿನ ಮುಂದಿನ ರ‍್ಯಾಂಪಿನ ಕೆಳಗೆ ಬಗ್ಗಿ ನೋಡಿ. ಚರಂಡಿ ಅಗಲವಾಗಿರುತ್ತದೆ, ರ‍್ಯಾಂಪಿನ ಅಡಿಯಲ್ಲಿ ಮಾತ್ರ ಸಣ್ಣ ಪೈಪು ಹಾಕಿರುತ್ತಾರೆ. ಎಲೆ, ಹೂಳು, ಪ್ಲಾಸ್ಟಿಕ್ ಕವರ್ ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದೊಂದನ್ನು ತೆಗೆದರೆ ಎಷ್ಟೋ ಕಡೆ ಅರ್ಧ ಸಮಸ್ಯೆ ಮುಗಿಯುತ್ತದೆ.

2. ಅಗೆಯುವ ಮುಂಚೆ ಅನುಮತಿ

ಅಂಚು ಸಾರ್ವಜನಿಕ ಜಾಗ. ಸ್ಥಳೀಯ ಆಡಳಿತದ ಒಪ್ಪಿಗೆ ಪಡೆಯಿರಿ. ನೀರಿನ ಪೈಪ್, ಕೇಬಲ್, ಗ್ಯಾಸ್ ಲೈನ್ ಎಲ್ಲಿ ಹೋಗಿದೆ ಅಂತ ಕೇಳಿಕೊಳ್ಳಿ.

3. ಮಣ್ಣು ನೀರು ಕುಡಿಯುತ್ತಾ?

ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೆ ತುಂಬಿ, ಈ ಎರಡನೇ ಸಲದ ನೀರನ್ನು ಅಳೆಯಿರಿ. ಗಂಟೆಗೆ 2.5 ಸೆಂ.ಮೀ. ಅಥವಾ ಜಾಸ್ತಿ ಇಳಿದರೆ ಮಣ್ಣು ಚೆನ್ನಾಗಿದೆ. 1 ಸೆಂ.ಮೀ. ಕೂಡ ಇಳಿಯದಿದ್ದರೆ ಅದು ಬಹುಶಃ ಜೇಡಿಮಣ್ಣು. ಇಂಗುತ್ತದೆ ಅಂತ ಕಾಯದೆ ನೀರನ್ನು ಹರಿಸಿ ಆಚೆ ಕಳಿಸಬೇಕು.

4. ಇಳಿಜಾರು: ಎಲ್ಲರೂ ಎಡವುವುದು ಇಲ್ಲೇ

ದಯವಿಟ್ಟು ಕಣ್ಣಂದಾಜಿನಲ್ಲಿ ಮಾಡಬೇಡಿ. ರಸ್ತೆ ಒಂದು ಕಡೆ ವಾಲಿರುತ್ತದೆ, ಕಾಂಪೌಂಡ್ ಗೋಡೆ ಇನ್ನೊಂದು ಕಡೆ. ಎರಡರ ನಡುವೆ ಕಣ್ಣು ಮೋಸ ಹೋಗುತ್ತದೆ. ಮೊಬೈಲಿನಲ್ಲಿ ಬರುವ ಲೆವೆಲ್ ಆ್ಯಪ್ ಕೂಡ ನೆಚ್ಚಬೇಡಿ. ಗೇಣುದ್ದದ ಫೋನಿನಲ್ಲಿ ಕಾಣುವ ಚಿಕ್ಕ ತಪ್ಪು ಹತ್ತು ಮೀಟರಿಗೆ ದೊಡ್ಡದಾಗುತ್ತದೆ. ಗಾರೆ ಕೆಲಸದವರು ಬಳಸುವ ಲೆವೆಲ್ ಟ್ಯೂಬ್ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗಿನ ಗುಳ್ಳೆ ಒಂದೂ ಉಳಿಯದ ಹಾಗೆ ತಟ್ಟಿ ತೆಗೆಯಿರಿ. ಗುಳ್ಳೆ ಉಳಿದರೆ ಅಳತೆ ಸುಳ್ಳು ಹೇಳುತ್ತದೆ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಆ ಮಟ್ಟದಿಂದ ಎರಡೂ ಕಡೆ ನೆಲಕ್ಕೆ ಅಳೆದರೆ ಎಷ್ಟು ಇಳಿತ ಅಂತ ಗೊತ್ತಾಗುತ್ತದೆ.

ಅಳತೆ ಶುರುವಾಗಬೇಕಾದದ್ದು ನಿಮ್ಮ ಗೇಟಿನಿಂದಲ್ಲ, ನೀರು ಕೊನೆಗೆ ಹೋಗಿ ಸೇರುವ ಜಾಗದಿಂದ. ಆ ತುದಿಯೇ ಎತ್ತರದಲ್ಲಿದ್ದರೆ ಇತ್ತ ಎಷ್ಟು ಅಗೆದರೂ ಸುಮ್ನೆ ಬೆವರು. ಅಲ್ಲೊಂದು ಗೂಟ ಹೊಡೆದು, ಚರಂಡಿಯ ಉದ್ದಕ್ಕೂ ಗೂಟ ಹೊಡೆಯುತ್ತ ಬನ್ನಿ. 10 ಮೀಟರಿಗೆ 10 ಸೆಂ.ಮೀ. ಇಳಿತ ಸಿಗಬೇಕು. ಗೂಟದಿಂದ ಗೂಟಕ್ಕೆ ದಾರ ಬಿಗಿದರೆ ಚರಂಡಿಯ ತಳ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಗೊತ್ತಾಗುತ್ತದೆ.

ಈಗ ಅಡ್ಡ ಇಳಿಜಾರು. ಅಂಚಿನ ಮಣ್ಣು ಟಾರಿನ ಮಟ್ಟಕ್ಕಿಂತ 2 ಸೆಂ.ಮೀ. ಕೆಳಗೆ ಶುರುವಾಗಿ, ಮೀಟರಿಗೆ 4 ಸೆಂ.ಮೀ.ನಂತೆ ಚರಂಡಿ ಕಡೆಗೆ ಇಳಿಯಬೇಕು. ಅಂದರೆ ಒಂದೂವರೆ ಮೀಟರ್ ಅಗಲದ ಅಂಚಾದರೆ ಚರಂಡಿ ಪಕ್ಕದಲ್ಲಿ ಟಾರಿಗಿಂತ 8 ಸೆಂ.ಮೀ. ಕೆಳಗಿರಬೇಕು. ಆ ಮೊದಲ 2 ಸೆಂ.ಮೀ. ಬಿಡುವುದನ್ನು ಮರೆಯುವವರೇ ಜಾಸ್ತಿ. ಹುಲ್ಲು ಬೆಳೆದು ದೂಳು ಹಿಡಿದ ಮೇಲೆ ಅಂಚು ಏರಲು ಜಾಗ ಬೇಕು, ಅಲ್ವಾ?

5. ಕೆರೆಯುವುದು

ಸಲಿಕೆಯಿಂದ ಚರಂಡಿಯ ತಳವನ್ನು ದಾರದ ಇಳಿಜಾರಿಗೆ, ಅಂಚನ್ನು ಅಡ್ಡ ಇಳಿಜಾರಿಗೆ ಕೆರೆಯಿರಿ. ತೆಗೆದ ಮಣ್ಣನ್ನು ಚರಂಡಿಗೆ ತಳ್ಳಬೇಡಿ, ಮರದ ಬುಡಕ್ಕೆ ಪೇರಿಸಬೇಡಿ. ಬುಡಕ್ಕೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಹೆಬ್ಬೆರಳಿಗಿಂತ ದಪ್ಪನೆಯ ಬೇರು ಸಿಕ್ಕರೆ ಕಡಿಯದೆ ಬಿಡಿ. ಮರದ ಸುತ್ತ ಇಳಿಜಾರು ಸ್ವಲ್ಪ ಕೆಟ್ಟರೂ ಚಿಂತೆಯಿಲ್ಲ.

6. ಚಕ್ರದ ಗುಂಡಿ

ಚಕ್ರ ಹಾದ ಜಾಗದ ತಳ ಒತ್ತಿಕೊಂಡು ಕಲ್ಲಿನಂತಾಗಿರುತ್ತದೆ. ಅದರ ಮೇಲೆ ಹೊಸ ಮಣ್ಣು ಹಾಕಿದರೆ ನೀರು ಒಳಗೇ ನಿಂತು ಮತ್ತೆ ಕೆಸರು. ಮೊದಲು ಹಾರೆಯಿಂದ 15 ಸೆಂ.ಮೀ. ಆಳಕ್ಕೆ ತಳ ಸಡಿಲಿಸಿ. ಆಮೇಲೆ 10 ಸೆಂ.ಮೀ. ಪದರದಲ್ಲಿ ಮಣ್ಣು ಹಾಕಿ, ಪ್ರತಿ ಪದರಕ್ಕೂ ದಮ್ಮಸು ಹೊಡೆಯಿರಿ. ಮಣ್ಣಿನ ಹದ ಕೈಗೆ ಗೊತ್ತಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿನಿಂದ ತಿವಿದರೆ ಒಡೆಯಬೇಕು. ನೀರು ಜಿನುಗಿದರೆ ಒಣಗಲು ಬಿಡಿ.

ದಿನಾ ಗಾಡಿ ನಿಲ್ಲಿಸುವ ಜಾಗವಾದರೆ ಮಣ್ಣು ನಿಲ್ಲುವುದಿಲ್ಲ, ಜಲ್ಲಿಯೇ ಬೇಕು. 20 ಸೆಂ.ಮೀ. ಅಗೆದು, ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ) ಹಾಸಿ, ಮೇಲೆ ಒಡೆದ ಜಲ್ಲಿ ಹಾಕಿ. ಇಲ್ಲೂ ಪದರ ಪದರವಾಗಿ ದಮ್ಮಸು, ಮೇಲ್ಮೈ ಅದೇ ಇಳಿಜಾರಿಗೆ. ನುಣುಪಾದ ಹೊಳೆಗಲ್ಲು ಚೆಂದ ಕಾಣುತ್ತದೆ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳದೆ ರಸ್ತೆಗೆ ಉರುಳುತ್ತದೆ. ಬಟ್ಟೆಯ ಬದಲು ಕಪ್ಪು ಪ್ಲಾಸ್ಟಿಕ್ ಶೀಟ್ ಹಾಸುವುದು ಶುದ್ಧ ತಪ್ಪು. ಅದು ನೀರನ್ನು ಕೆಳಗೆ ಬಿಡುವುದೇ ಇಲ್ಲ. ಪೂರ್ತಿ ಕಾಂಕ್ರೀಟ್ ಹಾಕುವುದಂತೂ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಮನೆ ಮುಂದೆ ಒಣಗುತ್ತದೆ, ನೀರು ಇನ್ನಷ್ಟು ಜೋರಾಗಿ ತಗ್ಗಿನ ಮನೆಯವರ ಗೇಟಿಗೆ ನುಗ್ಗುತ್ತದೆ.

7. ಹುಲ್ಲು

ಉಳಿದ ಜಾಗಕ್ಕೆ ಗರಿಕೆಯಂಥ ಹರಡುವ ಹುಲ್ಲು ನೆಡಿ. ಬೇರು ಹಿಡಿಯುವ ತನಕ ಗಾಡಿ ಹತ್ತಿಸಬೇಡಿ. ಅದನ್ನು ಕಾಯಲು ಅಂಚಿನುದ್ದಕ್ಕೂ ಕಲ್ಲು ಜೋಡಿಸಬೇಡಿ. ಕಲ್ಲಿನ ಸಾಲು ನೀರಿಗೂ ಅಡ್ಡ, ರಾತ್ರಿ ಬೈಕಿನವರಿಗೂ ಅಪಾಯ.

ಕೆಲಸ ಮುಗಿದ ಮೇಲೆ ಟಾರಿನ ಅಂಚಿಗೆ ಒಂದು ಬಕೆಟ್ ನೀರು ಸುರಿಯಿರಿ. ನೀರು ಎಲ್ಲೂ ತಡೆಯದೆ ಚರಂಡಿಗೆ ಇಳಿಯಬೇಕು. ಜೋರು ಮಳೆ ನಿಂತು ಎರಡು ದಿನವಾದರೂ ಎಲ್ಲಾದರೂ ನೀರು ಉಳಿದಿದ್ದರೆ ಅಲ್ಲಿ ಮತ್ತೆ ಟ್ಯೂಬ್ ಹಿಡಿಯಿರಿ. ಬೆಚ್ಚಗಿನ ಹವೆಯಲ್ಲಿ ನಿಂತ ನೀರಿನಿಂದ ಸೊಳ್ಳೆ ಹಾರಲು ಒಂದು ವಾರ, ಹತ್ತು ದಿನ ಸಾಕು. ಇನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಟಾರಿನ ಪಕ್ಕದಲ್ಲಿ ಹುಲ್ಲು ಮತ್ತು ಹೂಳು ಸೇರಿ ಎದ್ದ ದಿಂಡನ್ನು ಸಲಿಕೆಯಿಂದ ಕೆರೆದು ಆ 2 ಸೆಂ.ಮೀ. ಮತ್ತೆ ತೆರವು ಮಾಡಿ.