ಯೋಕ್, ಥ್ರಾಟಲ್ ಸೆಟ್ ಮಾಡುವುದು: ಹಾರುವ ಮುಂಚೆ ನೆಲದ ಮೇಲೆ ಒಂದು ಗಂಟೆ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ಗೆ (ಚಿಕ್ಕದಾಗಿ ಸಿಮ್) ಥ್ರಾಟಲ್ ಕ್ವಾಡ್ರಂಟ್, ಅಂದರೆ ಎಂಜಿನ್ ಲಿವರ್‌ಗಳ ಡಬ್ಬಿ, ತಂದು ಜೋಡಿಸಿದ ಮೊದಲ ದಿನ ನನ್ನ ಸೆಸ್ನಾ 172 ಅನ್ನುವ ಪುಟ್ಟ ವಿಮಾನದ ಎಂಜಿನ್ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ಆನ್ ಇತ್ತು, ಟ್ಯಾಂಕ್ ತುಂಬಿತ್ತು. ಕೀ ತಿರುಗಿಸಿದರೆ ಪ್ರೊಪೆಲ್ಲರ್ ನಾಲ್ಕು ಸುತ್ತು ಸುತ್ತಿ ಸುಮ್ಮನಾಗುತ್ತಿತ್ತು. ಎರಡು ಸಂಜೆ ಹೀಗೇ ಹೋಯಿತು. ಕೊನೆಗೆ ಕಾಕ್‌ಪಿಟ್‌ನ ಕೆಳಭಾಗ ಝೂಮ್ ಮಾಡಿ ನೋಡಿದೆ. ನನ್ನ ಮೇಜಿನ ಮೇಲಿನ ಕೆಂಪು ಲಿವರ್ ಪೂರ್ತಿ ಮುಂದಿದೆ, ಪರದೆಯಲ್ಲಿರುವ ಕೆಂಪು ನಾಬ್ ಪೂರ್ತಿ ಹೊರಗೆ ಎಳೆದಿದೆ. ಮಿಕ್ಸ್‌ಚರ್ (ಎಂಜಿನ್‌ಗೆ ಹೋಗುವ ಇಂಧನ ಹೊಂದಿಸುವ ನಾಬ್) ಆಕ್ಸಿಸ್, ಅಂದರೆ ಸಿಮ್ ಓದುವ ಲಿವರ್ ಚಲನೆ, ಉಲ್ಟಾ. ಲಿವರ್ ಮುಂದೆ ತಳ್ಳಿ ನಾನೇ ಎಂಜಿನ್‌ಗೆ ಇಂಧನ ನಿಲ್ಲಿಸಿದ್ದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿದ್ದಕ್ಕೆ ಎಲ್ಲ ಸರಿಹೋಯಿತು.

ಆವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಮೇಜು, ಆಮೇಲೆ ವಿಂಡೋಸ್, ಆಮೇಲೆ ಸಿಮ್, ಎಲ್ಲಕ್ಕಿಂತ ಕೊನೆಗೆ ಸೆನ್ಸಿಟಿವಿಟಿ, ಅಂದರೆ ಕೈ ಎಷ್ಟು ಅಲುಗಿದರೆ ವಿಮಾನ ಎಷ್ಟು ಅಲುಗಬೇಕು ಅನ್ನುವ ಹೊಂದಾಣಿಕೆ. ಬಹಳ ಜನ ಇದನ್ನು ಹಿಂದುಮುಂದು ಮಾಡುತ್ತಾರೆ. ವಿಮಾನ ಸ್ವಲ್ಪ ತೂಗಾಡಿದರೆ ಸಾಕು, ಸೀದಾ ಸೆನ್ಸಿಟಿವಿಟಿ ಪುಟಕ್ಕೆ ಹೋಗಿ ಕರ್ವ್ (ಆ ಹೊಂದಾಣಿಕೆ ತೋರಿಸುವ ಗೆರೆ) ಎಳೆಯತೊಡಗುತ್ತಾರೆ. ತಪ್ಪು ಇರುವುದು ಬೇರೆ ಕಡೆ, ಕರ್ವ್ ಅದನ್ನು ಮುಚ್ಚಿಡುತ್ತದೆ ಅಷ್ಟೇ.

ಮೇಜಿನಿಂದ ಶುರು ಮಾಡೋಣ. ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ನಿಮ್ಮ ಎದೆಯ ನೇರಕ್ಕೆ ಬರಲಿ, ಮಾನಿಟರ್ ಅದರ ಹಿಂದೆಯೇ ಇರಲಿ. ಕೂತಾಗ ಮೊಣಕೈ ಆರಾಮಾಗಿ ಮಡಚಿರಬೇಕು, ಭುಜ ಮೇಲೇಳಬಾರದು. ಥ್ರಾಟಲ್ ಬಲಗಡೆ ಕೂರಿಸಿ. ನಿಜವಾದ ಸೆಸ್ನಾದ ಎಡ ಸೀಟಿನಲ್ಲಿ ಕೂತವರ ಎಡಗೈ ಯೋಕ್ ಮೇಲೆ, ಬಲಗೈ ಥ್ರಾಟಲ್ ಮೇಲೆ ಇರುತ್ತದೆ. ಮನೆಯಲ್ಲೂ ಕೈ ಹಾಗೇ ಕಲಿಯಲಿ. ಕ್ಲಾಂಪ್ ಬಿಗಿಯಾಗಿದೆಯಾ ಅಂತ ನೋಡಲು ಯೋಕನ್ನು ಒಮ್ಮೆ ಜೋರಾಗಿ ನಿಮ್ಮ ಕಡೆ ಎಳೆಯಿರಿ. ಯೋಕ್‌ನ ಡಬ್ಬಿಯೇ ನಿಮ್ಮ ಕಡೆ ವಾಲಿದರೆ ಕ್ಲಾಂಪ್ ಕೆಳಗೆ ತೆಳ್ಳನೆಯ ರಬ್ಬರ್ ತುಂಡು ಇಟ್ಟು ಮತ್ತೆ ಬಿಗಿ ಮಾಡಿ. ಇಳಿಯುವ ಹೊತ್ತಿಗೆ ಅರ್ಧ ಇಂಚು ಎಳೆಯಬೇಕಾದಲ್ಲಿ ಡಬ್ಬಿ ಅಲುಗಾಡಿದರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬರುವುದಿಲ್ಲ.

ಯುಎಸ್‌ಬಿ ಕೇಬಲ್ ಅನ್ನು ಕಂಪ್ಯೂಟರಿನ ಹಿಂದಿನ ಪೋರ್ಟ್‌ಗೆ ನೇರ ಹಾಕಿ. ಹಬ್ ಬೇಕೇ ಬೇಕು ಅಂದರೆ ತನ್ನದೇ ಪವರ್ ಇರುವ ಹಬ್ ಒಳ್ಳೆಯದು. ಒಮ್ಮೆ ಹಾಕಿದ ಪೋರ್ಟ್ ಬದಲಿಸಬೇಡಿ, ಬೇರೆ ಪೋರ್ಟ್‌ಗೆ ಹಾಕಿದಾಗ ಸಿಮ್ ಕೆಲವೊಮ್ಮೆ ಅದನ್ನು ಹೊಸ ಸಾಧನ ಅಂದುಕೊಳ್ಳುತ್ತದೆ. ಇನ್ನೊಂದು ವಿಷಯ: ವಿಂಡೋಸ್ ಕರೆಂಟ್ ಉಳಿಸಲು ಯುಎಸ್‌ಬಿ ಪೋರ್ಟ್‌ಗಳನ್ನು ಮಲಗಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಟಿಕ್ ತೆಗೆಯಿರಿ. ಹಾರುತ್ತಾ ಅರ್ಧ ಗಂಟೆ ಆದ ಮೇಲೆ ಯೋಕ್ ಇದ್ದಕ್ಕಿದ್ದಂತೆ ಸತ್ತುಹೋಗುವ ತೊಂದರೆ ಎಷ್ಟೋ ಸಲ ಇದರಿಂದಲೇ ಬರುತ್ತದೆ.

ಈಗ ಸಿಮ್ ತೆರೆಯಬೇಡಿ, ಇನ್ನೂ ವಿಂಡೋಸ್‌ನಲ್ಲೇ ಇರಿ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಜಾಯ್ ಡಾಟ್ ಸಿಪಿಎಲ್ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್‌ಗಳ ಪಟ್ಟಿ ಬರುತ್ತದೆ. ನಿಮ್ಮ ಯೋಕ್ ಆರಿಸಿ ಪ್ರಾಪರ್ಟೀಸ್ ಒತ್ತಿ. ಚೌಕದೊಳಗೆ ಒಂದು ಪುಟ್ಟ ಕೂಡಿಸುವ ಗುರುತು ಕಾಣುತ್ತದೆ. ಯೋಕನ್ನು ತೀರಾ ನಿಧಾನವಾಗಿ, ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಗುರುತು ನುಣ್ಣಗೆ ಜಾರಬೇಕು, ಎರಡೂ ಗೋಡೆ ಮುಟ್ಟಬೇಕು, ಕೈ ಬಿಟ್ಟಾಗ ನಡುವಿಗೆ ಬರಬೇಕು. ಹಾಗೆ ಆದರೆ ಕ್ಯಾಲಿಬ್ರೇಟ್ ಮಾಡುವ ಅಗತ್ಯವೇ ಇಲ್ಲ, ಮುಂದೆ ಹೋಗಿ. ತುದಿ ಮುಟ್ಟದಿದ್ದರೆ ಅಥವಾ ನಡು ಓರೆ ಇದ್ದರೆ ಮಾತ್ರ ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಒತ್ತಿ, ಕೇಳಿದಂತೆ ಪ್ರತಿ ಆಕ್ಸಿಸನ್ನೂ ತುದಿಯಿಂದ ತುದಿಗೆ ಆಡಿಸಿ. ಲಿವರ್‌ಗಳಿಗೂ ಇದೇ ಪರೀಕ್ಷೆ.

ಕೈ ಮುಟ್ಟದೇ ಇದ್ದರೂ ಗುರುತು ನಡುಗುತ್ತಿದ್ದರೆ ಅದಕ್ಕೆ ಕಾರಣ ಒಳಗಿನ ಸೆನ್ಸರ್. ಕಡಿಮೆ ಬೆಲೆಯ ಸಾಧನಗಳಲ್ಲಿ ಪೊಟೆನ್ಶಿಯೋಮೀಟರ್ ಇರುತ್ತದೆ. ಅಲ್ಲಿ ಒಂದು ಪಟ್ಟಿಯ ಮೇಲೆ ಪುಟ್ಟ ತುದಿಯೊಂದು ಉಜ್ಜುತ್ತಾ ಓಡಾಡುತ್ತದೆ. ಧೂಳು ಕೂತಾಗ, ಸವೆದಾಗ ಸಿಗ್ನಲ್ ನಡುಗುತ್ತದೆ. ಹಾಲ್ ಸೆನ್ಸರ್ ಇರುವ ಯೋಕ್‌ಗಳಲ್ಲಿ ಆಯಸ್ಕಾಂತ ಕೆಲಸ ಮಾಡುತ್ತದೆ, ಏನೂ ಉಜ್ಜುವುದಿಲ್ಲ, ಹಾಗಾಗಿ ಅವು ಜಾಸ್ತಿ ದಿನ ನುಣ್ಣಗಿರುತ್ತವೆ. ಪೊಟೆನ್ಶಿಯೋಮೀಟರ್ ಸ್ವಲ್ಪ ನಡುಗಿದರೆ ಲಿವರನ್ನು ಮೂವತ್ತು ನಲವತ್ತು ಸಲ ತುದಿಯಿಂದ ತುದಿಗೆ ಆಡಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಸಿಮ್. ಇಲ್ಲಿ ದಯವಿಟ್ಟು ನಿಧಾನ ಮಾಡಿ, ಏಕೆಂದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ಇಲ್ಲೇ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ತನಗೆ ಗುರುತು ಸಿಕ್ಕ ಪ್ರತಿ ಸಾಧನಕ್ಕೂ ತಾನಾಗಿಯೇ ಒಂದು ಡೀಫಾಲ್ಟ್ ಪ್ರೊಫೈಲ್ (ಯಾವ ಬಟನ್, ಯಾವ ಆಕ್ಸಿಸ್ ಏನು ಮಾಡಬೇಕು ಅನ್ನುವ ಪಟ್ಟಿ) ಹಾಕಿಕೊಡುತ್ತದೆ. ಯೋಕ್‌ಗೆ ಏಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಇರುತ್ತದೆ, ಡ್ರಾಯರ್‌ನಿಂದ ತೆಗೆದು ಮರೆತ ಹಳೆಯ ಜಾಯ್‌ಸ್ಟಿಕ್‌ಗೂ ಏಲೆರಾನ್ ಇರುತ್ತದೆ, ಕಾರ್ ರೇಸ್ ಆಡುವ ಗೇಮ್‌ಪ್ಯಾಡ್‌ಗೂ ಇರುತ್ತದೆ. ಒಂದೇ ರೆಕ್ಕೆಗೆ ಮೂವರು ಯಜಮಾನರು. ನೀವು ಯೋಕನ್ನು ಎಡಕ್ಕೆ ಹಿಡಿದಿರುತ್ತೀರಿ, ಸೋಫಾ ಮೇಲೆ ಬಿದ್ದಿರುವ ಗೇಮ್‌ಪ್ಯಾಡ್‌ನ ಕಡ್ಡಿ ಕೂದಲೆಳೆಯಷ್ಟು ಅಲುಗುತ್ತದೆ, ಆ ಕ್ಷಣಕ್ಕೆ ರೆಕ್ಕೆ ಅದರ ಮಾತು ಕೇಳಿ ಸಮಕ್ಕೆ ಬಂದುಬಿಡುತ್ತದೆ. ಯೋಕ್ ಹಾಳಾಗಿದೆ ಅನ್ನಿಸುತ್ತದೆ, ಆದರೆ ಅದು ಚೆನ್ನಾಗಿಯೇ ಇರುತ್ತದೆ.

ಹಾಗಾಗಿ ಬಳಸದ ಸಾಧನಗಳನ್ನು ಮೊದಲು ಕಿತ್ತಿಡಿ. ಬಳಸುವ ಸಾಧನ ಎರಡು ಮೂರು ಇದ್ದರೆ ಪ್ರತಿಯೊಂದಕ್ಕೂ ಹೊಸ ಪ್ರೊಫೈಲ್ ಮಾಡಿ, ಹೆಸರು ಕೊಡಿ, ಒಳಗಿರುವ ಡೀಫಾಲ್ಟ್‌ಗಳನ್ನೆಲ್ಲ ಅಳಿಸಿ. ಖಾಲಿ ಪುಟದಿಂದ ಶುರು ಮಾಡುವುದು ಹೆಚ್ಚು ಕೆಲಸ ಅನ್ನಿಸಬಹುದು, ಆದರೆ ಹತ್ತು ನಿಮಿಷದ ಕೆಲಸ ಅದು, ಆಮೇಲೆ ಯಾವ ಬಟನ್ ಏನು ಮಾಡುತ್ತದೆ ಅನ್ನುವುದು ನಿಮಗೆ ಪೂರ್ತಿ ಗೊತ್ತಿರುತ್ತದೆ. ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್‌ನಲ್ಲಿ ಸೆಟ್ಟಿಂಗ್ಸ್‌ನ ಜಾಯ್‌ಸ್ಟಿಕ್ ಪುಟಕ್ಕೆ ಹೋಗಿ, ಬೇಡದ ಆಕ್ಸಿಸ್‌ಗಳಿಗೆಲ್ಲ ‘ನನ್’ (ಇಂಗ್ಲಿಷಿನಲ್ಲಿ ಯಾವುದೂ ಇಲ್ಲ) ಅಂತ ಆರಿಸಿದರೆ ಅದೇ ಕೆಲಸ ಆಗುತ್ತದೆ.

ಆಮೇಲೆ ಒಂದೊಂದೇ ಆಕ್ಸಿಸ್ ಕೊಡಿ: ಏಲೆರಾನ್, ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ), ಥ್ರಾಟಲ್, ಮಿಕ್ಸ್‌ಚರ್. ಪಟ್ಟಿಯಲ್ಲಿ ಆಕ್ಸಿಸ್ ಅನ್ನುವ ಪದ ಇರುವ ಸಾಲನ್ನೇ ಆರಿಸಿ. ಅದರ ಪಕ್ಕದಲ್ಲೇ ಏಲೆರಾನ್ ಲೆಫ್ಟ್, ಏಲೆರಾನ್ ರೈಟ್ ತರಹದ ಸಾಲುಗಳಿರುತ್ತವೆ, ಅವು ಕೀಬೋರ್ಡ್ ಬಟನ್‌ಗಾಗಿ ಇರುವಂಥವು. ಯೋಕನ್ನು ಅಲ್ಲಿಗೆ ಕಟ್ಟಿದರೆ ವಿಮಾನ ನುಣ್ಣಗೆ ವಾಲುವುದಿಲ್ಲ. ಥ್ರಾಟಲ್‌ಗೂ ಒಂದಕ್ಕಿಂತ ಹೆಚ್ಚು ಸಾಲುಗಳಿವೆ. ಲಿವರ್ ಅರ್ಧ ದಾರಿ ಹೋದ ಮೇಲಷ್ಟೇ ಎಂಜಿನ್ ಸದ್ದು ಏರತೊಡಗಿದರೆ ತಪ್ಪು ಸಾಲು ಹಿಡಿದಿದ್ದೀರಿ, ಪಕ್ಕದ್ದನ್ನು ಪ್ರಯತ್ನಿಸಿ.

ಸೆಸ್ನಾ 172ಕ್ಕೆ ಎರಡೇ ಲಿವರ್ ಸಾಕು. ಕಪ್ಪು ಥ್ರಾಟಲ್, ಕೆಂಪು ಮಿಕ್ಸ್‌ಚರ್. ಅದರ ಪ್ರೊಪೆಲ್ಲರ್ ಎಲೆಗಳ ಕೋನ ಬದಲಾಗುವುದಿಲ್ಲ, ಹಾಗಾಗಿ ನೀಲಿ ಲಿವರ್‌ಗೆ ಅಲ್ಲಿ ಕೆಲಸವಿಲ್ಲ. ಫ್ಲ್ಯಾಪ್‌ಗೆ (ಇಳಿಯುವಾಗ ರೆಕ್ಕೆಯ ಹಿಂದೆ ಕೆಳಗೆ ಬಾಗಿಸುವ ಪಟ್ಟಿ) ಅದನ್ನು ಬಳಸುವವರಿದ್ದಾರೆ. ನನಗೆ ಫ್ಲ್ಯಾಪ್ ಎರಡು ಬಟನ್‌ಗಳಲ್ಲಿ ಇದ್ದರೇ ಇಷ್ಟ, ಒಂದು ಒತ್ತಿಗೆ 10, ಇನ್ನೊಂದು ಒತ್ತಿಗೆ 20, ಮತ್ತೊಂದಕ್ಕೆ 30 ಡಿಗ್ರಿ, ಕಣ್ಣು ಹೊರಗೇ ಇಟ್ಟು ಎಣಿಸಬಹುದು. ಎರಡು ಎಂಜಿನ್‌ನ ಜೆಟ್ ಹಾರಿಸುವಾಗ ಮೊದಲ ಲಿವರ್ ಥ್ರಾಟಲ್ 1, ಎರಡನೆಯದು ಥ್ರಾಟಲ್ 2, ಮೂರನೆಯದು ಸ್ಪಾಯ್ಲರ್ (ವೇಗ ತಗ್ಗಿಸಲು ರೆಕ್ಕೆಯ ಮೇಲೆ ಏಳುವ ಹಲಗೆ) ಮಾಡಿಕೊಳ್ಳಿ. ಬಹಳಷ್ಟು ಕ್ವಾಡ್ರಂಟ್‌ಗಳಲ್ಲಿ ಲಿವರನ್ನು ಐಡಲ್‌ನ (ಎಂಜಿನ್ ಅತಿ ನಿಧಾನ ಓಡುವ ಜಾಗ) ತಡೆ ದಾಟಿಸಿ ಇನ್ನೂ ಕೆಳಗೆ ಎಳೆದರೆ ಅಲ್ಲಿ ಒಂದು ಬಟನ್ ಒತ್ತಿದಂತಾಗುತ್ತದೆ. ಜೆಟ್‌ನಲ್ಲಿ ಅದಕ್ಕೆ ರಿವರ್ಸ್ ಥ್ರಸ್ಟ್ (ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್ನಿನ ತಳ್ಳುವಿಕೆ ತಿರುಗಿಸುವುದು) ಕೊಡಿ, ಸೆಸ್ನಾದಲ್ಲಿ ಖಾಲಿ ಬಿಡಿ. ಅಂದರೆ ಪ್ರೊಫೈಲ್ ಎರಡಾದರೂ ಬೇಕಾಗುತ್ತದೆ. ಎಕ್ಸ್-ಪ್ಲೇನ್ ಮತ್ತು ಫ್ಲೈಟ್ ಸಿಮ್ಯುಲೇಟರ್ 2024ರಲ್ಲಿ ಪ್ರೊಫೈಲನ್ನು ವಿಮಾನಕ್ಕೇ ಕಟ್ಟಿಡಬಹುದು. 2020ರ ಆವೃತ್ತಿಯಲ್ಲಿ ನೀವೇ ನೆನಪಿಟ್ಟು ಬದಲಿಸಬೇಕು.

ಈಗ ವಿಮಾನವನ್ನು ರನ್‌ವೇ ಮೇಲೆ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಹೊರಗಿನ ಕ್ಯಾಮೆರಾಗೆ ಹೋಗಿ. ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು, ನಿಜವಾದ ಪೈಲಟ್‌ಗಳೂ ಹೀಗೇ ನೋಡುತ್ತಾರೆ. ಹೆಬ್ಬೆರಳು ನೆಟ್ಟಗೆ ಮೇಲಕ್ಕಿರುವಂತೆ ಯೋಕ್ ಹಿಡಿದು ಎಡಕ್ಕೆ ತಿರುಗಿಸಿ. ಹೆಬ್ಬೆರಳು ಎಡಕ್ಕೆ ವಾಲುತ್ತದಲ್ವಾ, ಅದು ತೋರಿಸುವ ಕಡೆಯ ಏಲೆರಾನ್ ಮೇಲೆದ್ದಿರಬೇಕು, ಇನ್ನೊಂದು ಕಡೆಯದು ಕೆಳಗಿಳಿದಿರಬೇಕು. ಯೋಕ್ ನಿಮ್ಮ ಕಡೆ ಎಳೆದರೆ ಬಾಲದ ಎಲಿವೇಟರ್‌ನ ಹಿಂದಿನ ಅಂಚು ಮೇಲಕ್ಕೆ ಏಳಬೇಕು. ಉಲ್ಟಾ ಆದರೆ ರಿವರ್ಸ್ ಆಕ್ಸಿಸ್ ಟಿಕ್ ಹಾಕಿ.

ಆಮೇಲೆ ಒಳಗೆ ಬಂದು ಲಿವರ್ ನೋಡಿ. ಥ್ರಾಟಲ್ ಪೂರ್ತಿ ತಳ್ಳಿ: 172ಎಸ್ ಕೈಪಿಡಿಯ ಪ್ರಕಾರ ನಿಂತಲ್ಲೇ 2300ರಿಂದ 2400 ಆರ್‌ಪಿಎಂ ಬರಬೇಕು. ತೀರಾ ಕಡಿಮೆ ಬಂದರೆ ಲಿವರ್ ತುದಿ ಮುಟ್ಟಿದರೂ ಸಿಮ್‌ಗೆ ಅದು ತುದಿ ಅಂತ ಗೊತ್ತಾಗುತ್ತಿಲ್ಲ ಅಂತ ಅರ್ಥ. ಪೂರ್ತಿ ಎಳೆದಾಗ ಪರದೆಯ ನಾಬ್ ಕೂಡ ಪೂರ್ತಿ ಹೊರಗೆ ಬರಬೇಕು. ಸ್ವಲ್ಪವೇ ಸ್ವಲ್ಪ, 3 ಪರ್ಸೆಂಟ್ ಉಳಿದರೂ ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಓಡಿಸುವಾಗ, ವಿಮಾನ ತಾನಾಗಿ ತೆವಳುತ್ತದೆ, ಇಳಿಯುವಾಗ ರನ್‌ವೇ ಮೇಲೆ ತೇಲುತ್ತಾ ಹೋಗುತ್ತದೆ, ನೀವು ನಿಮ್ಮ ಲ್ಯಾಂಡಿಂಗನ್ನೇ ಬೈದುಕೊಳ್ಳುತ್ತೀರಿ. ಎಕ್ಸ್‌ಟ್ರೀಮಿಟಿ ಡೆಡ್ ಝೋನ್ (ತುದಿಗೆ ಸ್ವಲ್ಪ ಮುಂಚೆಯೇ ತುದಿ ಬಂತು ಅಂತ ಸಿಮ್ ಎಣಿಸುವ ಸೆಟ್ಟಿಂಗ್) ಅಂತ ಇರುವುದು ಇದಕ್ಕೇ. ಅದನ್ನು ಒಂದೊಂದೇ ಪರ್ಸೆಂಟ್ ಏರಿಸಿ, ನಾಬ್ ಕೊನೆ ಮುಟ್ಟಿದ ಕೂಡಲೇ ನಿಲ್ಲಿಸಿ.

ಕಾಲಿನ ರಡ್ಡರ್ ಪೆಡಲ್ ಇದ್ದರೆ ಟೋ ಬ್ರೇಕ್ (ಪಾದದ ತುದಿಯಿಂದ ಒತ್ತುವ ಬ್ರೇಕ್) ನೋಡಿ, ಅವು ಎಷ್ಟೋ ಸಲ ಉಲ್ಟಾ ಇರುತ್ತವೆ. ಕಾಲು ಇಡದೇ ಇದ್ದರೂ ಬ್ರೇಕ್ ಹಿಡಿದಿರುತ್ತದೆ, ಫುಲ್ ಥ್ರಾಟಲ್ ಕೊಟ್ಟರೂ ವಿಮಾನ ಕದಲುವುದಿಲ್ಲ. ಪೆಡಲ್ ಇಲ್ಲದವರು ಸದ್ಯಕ್ಕೆ ಆಟೋ ರಡ್ಡರ್ (ಬಾಲದ ಚುಕ್ಕಾಣಿಯನ್ನು ಸಿಮ್ ತಾನೇ ನೋಡಿಕೊಳ್ಳುವ ಸೆಟ್ಟಿಂಗ್) ಆನ್ ಮಾಡಿಕೊಳ್ಳಿ.

ಕೊನೆಗೆ ಸೆನ್ಸಿಟಿವಿಟಿ. ಮನೆಯ ಯೋಕ್‌ಗಳಲ್ಲಿ ತಿರುಗುವ ಅಳತೆ ಒಂದೇ ಇರುವುದಿಲ್ಲ. ಲಾಜಿಟೆಕ್ ಯೋಕ್ ಒಟ್ಟು 90 ಡಿಗ್ರಿ ತಿರುಗುತ್ತದೆ, ಹನಿಕೋಂಬ್ ಆಲ್ಫಾ 180 ಡಿಗ್ರಿ. ಕಡಿಮೆ ತಿರುಗುವ ಯೋಕ್‌ನಲ್ಲಿ ಬೆರಳಷ್ಟು ಅಲುಗಿಸಿದರೂ ರೆಕ್ಕೆ ಜಾಸ್ತಿ ವಾಲುತ್ತದೆ, ಆದ್ದರಿಂದ ಕರ್ವ್‌ನ ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡಬೇಕಾಗುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ನಾನು ಎಲಿವೇಟರ್‌ಗೆ ಮೈನಸ್ 25 ಪರ್ಸೆಂಟ್ ಇಡುತ್ತೇನೆ, ಏಲೆರಾನ್‌ಗೆ ಇನ್ನೂ ಕಡಿಮೆ. ಮೈನಸ್ 60, 70 ಮಾಡಿದರೆ ಮೇಲೆ ಹಾರುವಾಗ ಬೆಣ್ಣೆಯ ಹಾಗಿರುತ್ತದೆ, ನಿಜ. ಆದರೆ ಇಳಿಯುವಾಗ ವೇಗ ಕಡಿಮೆ, ಯೋಕ್ ಜಾಸ್ತಿ ಎಳೆಯಬೇಕು, ಅಲ್ಲಿ ಕರ್ವ್ ಕಡಿದಾಗಿರುತ್ತದೆ, ಮೂತಿ ಫಟ್ಟನೆ ಮೇಲೇಳುತ್ತದೆ. ಡೆಡ್ ಝೋನ್ (ನಡುವಿನಲ್ಲಿ ಯೋಕ್ ಅಲುಗಿದರೂ ಸಿಮ್ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) 2 ಅಥವಾ 3 ಪರ್ಸೆಂಟ್ ಸಾಕು. ಥ್ರಾಟಲ್‌ಗೆ ಕರ್ವ್ ಬೇಡವೇ ಬೇಡ, ನೇರ ಗೆರೆ ಇರಲಿ. ಎಕ್ಸ್-ಪ್ಲೇನ್‌ನಲ್ಲಿ ಸ್ಟೆಬಿಲಿಟಿ ಆಗ್‌ಮೆಂಟೇಶನ್ (ವಿಮಾನವನ್ನು ಸಿಮ್ ತಾನಾಗಿ ಸ್ಥಿರವಾಗಿಡುವ ಸಹಾಯ) ಅನ್ನುವ ಸ್ಲೈಡರ್‌ಗಳಿವೆ, ಅವನ್ನು ಸೊನ್ನೆಗೆ ಇಳಿಸಿದರೆ ವಿಮಾನದ ನಿಜವಾದ ಸ್ವಭಾವ ಕೈಗೆ ಸಿಗುತ್ತದೆ.

ಟ್ರಿಮ್ ಬಟನ್ ಮರೆಯಬೇಡಿ, ಯೋಕ್ ಹಿಡಿದೇ ಇರದೆ ಮೂತಿ ಬೇಕಾದ ಎತ್ತರದಲ್ಲೇ ನಿಲ್ಲುವ ಹಾಗೆ ಮಾಡುವುದು ಟ್ರಿಮ್. ಎಡ ಹೆಬ್ಬೆರಳಿಗೆ ಸಿಗುವ ಎರಡು ಬಟನ್‌ಗಳಿಗೆ ಎಲಿವೇಟರ್ ಟ್ರಿಮ್ ಅಪ್, ಡೌನ್ ಕೊಡಿ. ನಿಜವಾದ ಸೆಸ್ನಾದಲ್ಲಿ ಯೋಕ್‌ನ ಭಾರ ಬರುವುದು ಗಾಳಿಯಿಂದ, ಟ್ರಿಮ್ ಮಾಡಿದಾಗ ಯೋಕ್ ಇದ್ದಲ್ಲೇ ಹಗುರವಾಗುತ್ತದೆ. ಮನೆಯ ಯೋಕ್‌ನಲ್ಲಿ ಇರುವುದು ಸ್ಪ್ರಿಂಗ್, ಅದು ಯಾವಾಗಲೂ ನಡುವಿಗೇ ಎಳೆಯುತ್ತದೆ. ಅದಕ್ಕೆ ಇಲ್ಲಿ ರೀತಿ ಬೇರೆ: ಯೋಕ್ ಹಿಡಿದು ಮೂತಿಯನ್ನು ಬೇಕಾದ ಎತ್ತರಕ್ಕೆ ತನ್ನಿ, ಟ್ರಿಮ್ ಒಂದೊಂದೇ ಸಲ ಒತ್ತಿ, ಒತ್ತಿದಂತೆಲ್ಲ ಮೂತಿ ಕದಲದ ಹಾಗೆ ಯೋಕನ್ನು ನಡುವಿಗೆ ಬಿಡುತ್ತಾ ಬನ್ನಿ.

ಎಲ್ಲ ಸೇವ್ ಮಾಡಿ, ಪ್ರತಿ ಪುಟದ ಫೋಟೋ ಫೋನ್‌ನಲ್ಲಿ ತೆಗೆದಿಡಿ, ಅಪ್‌ಡೇಟ್ ಬಂದಾಗ ಸೆಟ್ಟಿಂಗ್ ಅಳಿದರೆ ಬೇಕಾಗುತ್ತದೆ. ಈಗ ಬ್ರೇಕ್ ಬಿಡಿ. 55 ನಾಟ್‌ನಲ್ಲಿ ಯೋಕ್ ಮೆಲ್ಲಗೆ ಎಳೆಯಿರಿ, 74 ನಾಟ್‌ನಲ್ಲಿ ಏರಿ, ಟ್ರಿಮ್ ಮಾಡಿ, ಕೈ ಬಿಟ್ಟು ಹತ್ತು ಎಣಿಸಿ. ವೇಗದ ಮುಳ್ಳು 74ರ ಆಸುಪಾಸಿನಲ್ಲೇ ನಿಂತಿದ್ದರೆ ಸೆಟ್ಟಿಂಗ್ ಪುಟ ಮುಚ್ಚಿಬಿಡಿ, ಇನ್ನು ಅದನ್ನು ಮುಟ್ಟಬೇಡಿ.