ಜರ್ಮನಿಯ ಬಾಡಿಗೆ ಮನೆ: ಸಹಿ ಹಾಕುವ ಮೊದಲು, ಹಾಕಿದ ಮೇಲೆ

ಮ್ಯೂನಿಕ್‌ನಲ್ಲಿ ಮೊದಲ ಮನೆಯ ಕೀಲಿ ಕೈಗೆ ಬಂದ ದಿನ ಅಡುಗೆಮನೆ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟೆ. ಒಲೆ ಇಲ್ಲ, ಸಿಂಕ್ ಇಲ್ಲ, ಒಂದು ಕಪಾಟೂ ಇಲ್ಲ. ಗೋಡೆಯಲ್ಲಿ ಎರಡು ಪೈಪಿನ ಬಾಯಿ, ತಾರಸಿಯಿಂದ ಇಳಿಬಿದ್ದ ಮೂರು ವೈರು, ಅಷ್ಟೇ. ಹಿಂದೆ ಇದ್ದವರು ಹೋಗುವಾಗ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿದ್ದರು. ಹೆಂಡತಿ ಹಾಲುಕ್ಕಿಸಲು ಊರಿಂದ ತಂದ ಪಾತ್ರೆ ಹಿಡಿದು ನನ್ನ ಮುಖ ನೋಡುತ್ತಿದ್ದಳು. ಎದುರು ಮನೆಯವರು ಒಂದು ಕರೆಂಟ್ ಒಲೆ ಕೊಟ್ಟರು. ನಡುಮನೆಯ ನೆಲದ ಮೇಲೆ ಅದನ್ನಿಟ್ಟು ಹಾಲು ಉಕ್ಕಿಸಿದೆವು.

ನನಗೆ ಯಾರೂ ಮೋಸ ಮಾಡಿರಲಿಲ್ಲ. ಇಲ್ಲಿನ ಪದ್ಧತಿಯೇ ಅದು, ಜಾಹೀರಾತಿನಲ್ಲಿ ‘ಐನ್‌ಬೌಕ್ಯೂಶೆ’ ಎಂದು ಬರೆದಿದ್ದರೆ ಮಾತ್ರ ಅಡುಗೆಮನೆ ಇರುತ್ತದೆ. ಬಾಡಿಗೆಗೆ ಬರುವವರು ಹತ್ತು ಹದಿನೈದು ವರ್ಷ ಇರುವ ಲೆಕ್ಕದಲ್ಲಿ ಬರುತ್ತಾರೆ, ಅಡುಗೆಮನೆಯನ್ನು ತಮ್ಮ ಅಳತೆಗೆ ತಾವೇ ಮಾಡಿಸಿಕೊಳ್ಳುತ್ತಾರೆ. ಇದೊಂದು ತಿಳಿದರೆ ಜರ್ಮನಿಯ ಬಾಡಿಗೆ ವ್ಯವಸ್ಥೆ ಅರ್ಧ ಅರ್ಥವಾದ ಹಾಗೆ. ನಮ್ಮಲ್ಲಿ ಬಾಡಿಗೆ ಮನೆ ಅಂದರೆ ಸ್ವಂತ ಮನೆ ಆಗುವ ತನಕದ ಏರ್ಪಾಡು. ‘ಇನ್ನೂ ಬಾಡಿಗೆ ಮನೇಲೇ ಇದ್ದೀರಾ?’ ಎಂದು ಮದುವೆ ಮನೆಯಲ್ಲಿ ಕೇಳಿಸಿಕೊಳ್ಳದವರು ಯಾರು? ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಗಳಲ್ಲೇ ಇದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ ಸ್ವಂತ ಮನೆಯವರ ಪ್ರಮಾಣ ಅತಿ ಕಡಿಮೆ ಇರುವುದು ಜರ್ಮನಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಊರೂರೇ ನೆಲಸಮವಾಗಿದ್ದವು. 1950ರ ವಸತಿ ಕಾಯ್ದೆಯ ಮೇಲೆ ಸರ್ಕಾರದ ಹಣದಿಂದ ಬಾಡಿಗೆ ಮನೆಗಳು ಲಕ್ಷಗಟ್ಟಲೆ ಎದ್ದವು. 1971ರಲ್ಲಿ, ಕಾರಣವಿಲ್ಲದೆ ಬಾಡಿಗೆದಾರರನ್ನು ಬಿಡಿಸುವಂತಿಲ್ಲ ಎಂಬ ಕಾನೂನು ಬಂತು. ನಮ್ಮ ಪಕ್ಕದ ಊರು ಆಗ್ಸ್‌ಬುರ್ಗ್‌ನಲ್ಲಿ 1521ರಲ್ಲಿ ಸ್ಥಾಪಿಸಿದ ಫುಗರೈ ಎಂಬ ವಠಾರವಿದೆ. ಅಲ್ಲಿನ ಬಡ ನಿವಾಸಿಗಳು ಇವತ್ತಿಗೂ ವರ್ಷಕ್ಕೆ ಕೊಡುವ ಮೂಲ ಬಾಡಿಗೆ 88 ಸೆಂಟ್. ಒಮ್ಮೆ ಹೋಗಿ ನೋಡಿ ಬನ್ನಿ.

ಮನೆ ಹುಡುಕುವಾಗ ಮೊದಲು ಕಾಣುವ ಪದಗಳು ಎರಡು. ಕಾಲ್ಟ್‌ಮೀಟೆ ಅಂದರೆ ತಣ್ಣನೆ ಬಾಡಿಗೆ, ಗೋಡೆ ಸೂರಿನ ಬೆಲೆ ಮಾತ್ರ. ವಾರ್ಮ್‌ಮೀಟೆ ಅಂದರೆ ಬೆಚ್ಚನೆ ಬಾಡಿಗೆ. ಅದರಲ್ಲಿ ನೀರು, ಕಸ, ಮೆಟ್ಟಿಲು ಗುಡಿಸುವುದು, ಸಾಮಾನ್ಯವಾಗಿ ಮನೆ ಬಿಸಿ ಮಾಡುವ ಖರ್ಚು, ಎಲ್ಲ ಸೇರಿರುತ್ತದೆ. ಈ ಸೇರ್ಪಡೆಗೆ ನೇಬೆನ್‌ಕೋಸ್ಟೆನ್ ಎನ್ನುತ್ತಾರೆ. ಕರೆಂಟು, ಇಂಟರ್ನೆಟ್ ಬೇರೆ. ಟಿವಿ ಇರಲಿ ಬಿಡಲಿ, ರೇಡಿಯೋ ಟಿವಿ ಶುಲ್ಕವೆಂದು ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. ಆ ಪತ್ರ ಬಂದಾಗ ಮೋಸದ ಪತ್ರ ಎಂದುಕೊಂಡು ಕಸಕ್ಕೆ ಹಾಕಿದವರನ್ನು ನೋಡಿದ್ದೇನೆ, ಆಮೇಲೆ ಬಾಕಿಯೂ ದಂಡವೂ ಒಟ್ಟಿಗೇ ಬರುತ್ತವೆ.

ಒಂದು ಮನೆಗೆ ಐವತ್ತು ಅರವತ್ತು ಅರ್ಜಿ ಬೀಳುವ ಊರುಗಳಲ್ಲಿ ನಮ್ಮ ಕೈಯಲ್ಲಿರುವುದು ಕಾಗದ ಒಂದೇ. ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಒಪ್ಪಂದ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಹಿಂದಿನ ಮನೆಯ ಬಾಡಿಗೆ ಬಾಕಿ ಇಲ್ಲವೆಂಬ ಪತ್ರ, ಶೂಫಾ ವರದಿ, ಇವನ್ನೆಲ್ಲ ಒಂದೇ ಪಿಡಿಎಫ್ ಮಾಡಿ ಸಿದ್ಧವಿಟ್ಟುಕೊಳ್ಳಿ. ಶೂಫಾ ಎಂಬುದು ಸಾಲ ತೀರಿಸಿದ ದಾಖಲೆ ಇಡುವ ನಮ್ಮ ಸಿಬಿಲ್ ಇದ್ದ ಹಾಗೆ, 1927ರಿಂದ ಇದೆ. ಹೊಸದಾಗಿ ಬಂದವರ ಹೆಸರಲ್ಲಿ ಅಲ್ಲಿ ಏನೂ ಇರುವುದಿಲ್ಲ, ಅದರಿಂದ ಭಯಪಡಬೇಡಿ. ವರದಿಯ ಒಂದು ಪ್ರತಿಯನ್ನು ಪುಕ್ಕಟೆ ಕೇಳಿ ಪಡೆಯುವ ಹಕ್ಕೂ ಇದೆ. ಮನೆ ಸಿಕ್ಕಮೇಲೆ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕೇ ಬೇಕು. ‘ಇರಿ, ಆದರೆ ನೋಂದಣಿ ಮಾಡಿಸಬೇಡಿ’ ಎನ್ನುವವರ ಮನೆಗೆ ಹೋಗಬೇಡಿ. ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ, ವೀಸಾ ನವೀಕರಣ ಎಲ್ಲವೂ ಆ ಒಂದು ಹಾಳೆಯ ಹಿಂದೆ ನಿಂತಿರುತ್ತವೆ. ಇನ್ನೊಂದು ಮಾತು: ‘ನಾನು ಹೊರದೇಶದಲ್ಲಿದ್ದೇನೆ, ಹಣ ಹಾಕಿ, ಕೀಲಿ ಕೊರಿಯರ್ ಮಾಡುತ್ತೇನೆ’ ಎಂಬ ಮೇಲ್ ಬಂದರೆ ಅದು ಮೋಸವೇ. ಬೆಂಗಳೂರಿನಲ್ಲಿ ಕೂತು ಇಲ್ಲಿಯ ಮನೆಗೆ ದುಡ್ಡು ಹಾಕಿ ಕಳೆದುಕೊಂಡ ಮಕ್ಕಳ ಫೋನು ನನಗೇ ಬಂದಿವೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದ ನಮಗೆ ಇಲ್ಲಿಯ ಠೇವಣಿ ಸಣ್ಣದೆನಿಸುತ್ತದೆ. ತಣ್ಣನೆ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಸಮ ಕಂತಿನಲ್ಲಿ ಕೊಡಬಹುದು, ಮೊದಲ ಕಂತು ಬಾಡಿಗೆ ಶುರುವಾಗುವಾಗ. 1,400 ಯೂರೋ ತಣ್ಣನೆ ಬಾಡಿಗೆ ಇದ್ದರೆ ಠೇವಣಿ ಹೆಚ್ಚೆಂದರೆ 4,200, ತಿಂಗಳಿಗೆ 1,400ರಂತೆ. ಊರಿಂದ ಬಂದ ಹೊಸತರಲ್ಲಿ ಕೈಲಿ ಕಾಸಿಲ್ಲದಾಗ ಇದು ದೊಡ್ಡ ಉಸಿರು. ಮಾಲೀಕರು ಆ ದುಡ್ಡನ್ನು ತಮ್ಮ ಹಣದ ಜೊತೆ ಬೆರೆಸದೆ ಬೇರೆ ಇಡಬೇಕು, ಬಡ್ಡಿ ಬಂದರೆ ಅದೂ ನಿಮ್ಮದೇ. ದಲ್ಲಾಳಿಯನ್ನು ಮಾಲೀಕರು ಕರೆಸಿದ್ದರೆ ಕಮಿಷನ್ ಅವರದ್ದೇ, 2015ರಿಂದ ಹಾಗೆ.

ಸಹಿ ಹಾಕುವ ಮೊದಲು ಕರಾರು ಪತ್ರದಲ್ಲಿ ಒಂದು ಪುಟವನ್ನಾದರೂ ನಿಧಾನವಾಗಿ ಓದಿ, ಬಾಡಿಗೆ ಏರಿಕೆಯ ಪುಟ. ಹೋದ ವರ್ಷ ದಾವಣಗೆರೆ ಕಡೆಯ ಹುಡುಗನೊಬ್ಬ ರಾತ್ರಿ ಫೋನ್ ಮಾಡಿದ್ದ. ‘ಅಣ್ಣಾ, ಬಾಡಿಗೆ ಏರಿಸಿ ಕಾಗದ ಬಂದಿದೆ, ಮೂರು ವರ್ಷಕ್ಕೆ ಶೇ 15 ಮಿತಿ ಅಂದಿದ್ರಲ್ಲ ನೀವು?’ ಅವನ ಕರಾರು ಕಳಿಸು ಎಂದೆ. ನಾಲ್ಕನೇ ಪುಟದಲ್ಲಿ ‘ಇಂಡೆಕ್ಸ್‌ಮೀಟೆ’ ಎಂಬ ಒಂದೇ ಪದ. ಅಂದರೆ ದೇಶದ ಬೆಲೆಯೇರಿಕೆ ಸೂಚ್ಯಂಕ ಏರಿದಷ್ಟು ಬಾಡಿಗೆಯೂ ಏರುತ್ತದೆ, ನಾನು ಹೇಳಿದ ಮಿತಿ ಅಲ್ಲಿ ನಡೆಯುವುದಿಲ್ಲ. ಅವನಿಗೆ ಅದನ್ನು ಹೇಳುವಾಗ ನನಗೇ ಸಂಕಟವಾಯಿತು, ಇದನ್ನು ಅವನಿಗೆ ಮೊದಲೇ ಹೇಳಬೇಕಿತ್ತು. ‘ಷ್ಟಾಫೆಲ್‌ಮೀಟೆ’ ಎಂದಿದ್ದರೆ ಯಾವ ವರ್ಷ ಎಷ್ಟು ಏರುತ್ತದೆಂದು ಮೊದಲೇ ಬರೆದಿರುತ್ತಾರೆ. ಈ ಎರಡೂ ಇಲ್ಲದ ಸಾದಾ ಕರಾರಿನಲ್ಲಿ ಮಾತ್ರ ಮೂರು ವರ್ಷಕ್ಕೆ ಶೇ 20, ಮನೆ ಅಭಾವವಿರುವ ಊರುಗಳಲ್ಲಿ ಶೇ 15ರ ಮಿತಿ. ಅದೂ ಆ ಊರಿನ ಸರಾಸರಿ ಬಾಡಿಗೆಯನ್ನು ದಾಟುವಂತಿಲ್ಲ, ನಿಮ್ಮ ಒಪ್ಪಿಗೆಯನ್ನೂ ಕೇಳಬೇಕು. ಸರಾಸರಿ ಎಷ್ಟೆಂದು ಹೇಳುವ ಪಟ್ಟಿಗೆ ಮೀಟ್‌ಷ್ಪೀಗೆಲ್ ಎನ್ನುತ್ತಾರೆ, ದೊಡ್ಡ ಊರುಗಳ ನಗರಸಭೆಗಳು ಪ್ರಕಟಿಸುತ್ತವೆ.

ಹೊಸ ಕರಾರಿಗೂ ಒಂದು ಕಡಿವಾಣ ಇದೆ. 2015ರ ಮೀಟ್‌ಪ್ರೈಸ್‌ಬ್ರೆಮ್ಸೆ ಕಾನೂನಿನಂತೆ, ಅಭಾವದ ಊರುಗಳಲ್ಲಿ ಸರಾಸರಿಗಿಂತ ಶೇ 10ಕ್ಕೂ ಹೆಚ್ಚು ಕೇಳುವಂತಿಲ್ಲ. ಈಗ ಅದನ್ನು 2029ರ ಕೊನೆಯವರೆಗೆ ಮುಂದುವರಿಸಿದ್ದಾರೆ. 2014ರ ಅಕ್ಟೋಬರ್ ನಂತರ ಮೊದಲ ಬಾರಿ ಬಾಡಿಗೆಗೆ ಬಂದ ಹೊಸ ಕಟ್ಟಡಗಳಿಗೆ, ಹಿಂದಿನವರೇ ಹೆಚ್ಚು ಕೊಡುತ್ತಿದ್ದ ಮನೆಗಳಿಗೆ ವಿನಾಯಿತಿ ಇದೆ. ಆದರೆ ಈ ಕಾನೂನು ತಾನಾಗಿ ಕೆಲಸ ಮಾಡುವುದಿಲ್ಲ, ನೀವು ಬರೆದು ಆಕ್ಷೇಪಿಸಬೇಕು. ಮೊದಲ 30 ತಿಂಗಳೊಳಗೆ ಆಕ್ಷೇಪಿಸಿದರೆ ಶುರುವಿನಿಂದ ಹೆಚ್ಚು ಕೊಟ್ಟದ್ದನ್ನೂ ಕೇಳಬಹುದು. ನಮ್ಮವರು ಇಲ್ಲಿ ಹಿಂಜರಿಯುತ್ತಾರೆ, ಓನರ್ ಬೇಜಾರಾಗಿ ಮನೆ ಖಾಲಿ ಮಾಡಿ ಅಂದರೆ ಎಂಬ ಅಂಜಿಕೆ. ಸಿಟ್ಟು ಬಂತೆಂದು ಇಲ್ಲಿ ಯಾರೂ ಮನೆ ಬಿಡಿಸಲಾರರು. ಬಾಡಿಗೆ ಬಾಕಿ ಉಳಿಸಿದರೆ, ಇಲ್ಲವೇ ತಮಗೋ ಹತ್ತಿರದ ಬಂಧುಗಳಿಗೋ ಆ ಮನೆ ನಿಜವಾಗಿ ಬೇಕಿದ್ದರೆ, ಹೀಗೆ ಕಾರಣ ಬರೆದೇ ಕೊಡಬೇಕು. ಸ್ವಂತಕ್ಕೆ ಬೇಕೆಂದರೂ ಮೂರು ತಿಂಗಳ ಗಡುವು, ನೀವು ಐದು ವರ್ಷ ಇದ್ದಿದ್ದರೆ ಆರು ತಿಂಗಳು, ಎಂಟು ವರ್ಷ ಆಗಿದ್ದರೆ ಒಂಬತ್ತು.

ವರ್ಷಕ್ಕೊಮ್ಮೆ ಬರುವ ನೇಬೆನ್‌ಕೋಸ್ಟೆನ್ ಲೆಕ್ಕದ ಕಾಗದ ಎಷ್ಟೋ ಸಂಸಾರಗಳ ನಿದ್ದೆ ಕೆಡಿಸಿದೆ. ತಿಂಗಳು ತಿಂಗಳು ಕೊಟ್ಟದ್ದು ಮುಂಗಡ ಮಾತ್ರ, ನಿಜವಾದ ಖರ್ಚು ಆಮೇಲೆ ಲೆಕ್ಕ ಹಾಕುತ್ತಾರೆ. ನಮಗೆ ಎರಡನೇ ವರ್ಷ 640 ಯೂರೋ ಬಾಕಿ ಎಂದು ಬಂತು. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಒಂದೊಂದು ಸಾಲಿನ ಮುಂದೆ ಪೆನ್ಸಿಲ್ ಇಟ್ಟು ಕೂತೆವು. ಕಟ್ಟಡದ ರಿಪೇರಿ ಖರ್ಚನ್ನು, ಆಡಳಿತದ ಖರ್ಚನ್ನು ನಮ್ಮ ಪಾಲಿಗೆ ಹಾಕಿದ್ದರು. ಎರಡೂ ಮಾಲೀಕರೇ ಹೊರಬೇಕಾದವು. ಬಿಲ್ಲುಗಳನ್ನು ತೋರಿಸಿ ಎಂದು ಬರೆದೆವು, ತಿಂಗಳ ನಂತರ ತಿದ್ದಿದ ಲೆಕ್ಕ ಬಂತು. ಕಟ್ಟಿದ್ದು 270. ಲೆಕ್ಕದ ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಈ ಕಾಗದ ನಿಮ್ಮ ಕೈಸೇರಬೇಕು. ತಡವಾದರೆ, ತಡವಾಗಿದ್ದು ಅವರ ತಪ್ಪಾಗಿದ್ದರೆ, ಬಾಕಿ ಕೇಳುವಂತಿಲ್ಲ. ಆಕ್ಷೇಪಕ್ಕೆ ನಿಮಗೂ ಹನ್ನೆರಡು ತಿಂಗಳಿದೆ. ಬಿಸಿಯ ಖರ್ಚಿನಲ್ಲಿ ಅರ್ಧದಿಂದ ಶೇ 70ರ ತನಕ ನೀವು ಬಳಸಿದ ಅಳತೆಯ ಮೇಲೆ, ಉಳಿದದ್ದು ಮನೆಯ ವಿಸ್ತೀರ್ಣದ ಮೇಲೆ. ಕೇಬಲ್ ಟಿವಿ ಖರ್ಚನ್ನು 2024ರ ಜುಲೈಯಿಂದ ಇದರಲ್ಲಿ ಸೇರಿಸುವಂತಿಲ್ಲ, ಆ ಸಾಲು ಇದೆಯೇ ನೋಡಿ. ಹಾಗೇ ಒಂದು ತಿಂಗಳ ನೇಬೆನ್‌ಕೋಸ್ಟೆನ್‌ನಷ್ಟು ದುಡ್ಡು ಬೇರೆ ಎತ್ತಿಡುವ ರೂಢಿ ಮಾಡಿಕೊಳ್ಳಿ.

ನಮ್ಮ ಅಡುಗೆಗೂ ಇಲ್ಲಿಯ ಗೋಡೆಗೂ ಒಂದು ಜಗಳ ಇದೆ. ಕುಕ್ಕರ್ ಆವಿ, ಒಗ್ಗರಣೆ, ಚಳಿಗಾಲದಲ್ಲಿ ಮನೆಯೊಳಗೇ ಒಣಗುವ ಬಟ್ಟೆ, ಕಿಟಕಿ ಮಾತ್ರ ಬಿಗಿಯಾಗಿ ಮುಚ್ಚಿದ್ದು. ನಾಲ್ಕು ತಿಂಗಳಲ್ಲಿ ಮಂಚದ ಹಿಂದಿನ ಮೂಲೆಯಲ್ಲಿ ಕಪ್ಪು ಬೂಷ್ಟು. ದಿನಕ್ಕೆ ಎರಡು ಮೂರು ಬಾರಿ ಎಲ್ಲ ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಬಿಟ್ಟು ಮುಚ್ಚಬೇಕು. ಕಿಟಕಿ ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಜಾಸ್ತಿ. ಬೂಷ್ಟು ಕಂಡ ದಿನವೇ ಫೋಟೋ ತೆಗೆದು ಮಾಲೀಕರಿಗೆ ಬರೆದು ತಿಳಿಸಿ. ಕಟ್ಟಡದ ದೋಷವಾಗಿದ್ದರೆ ಬಾಡಿಗೆಯಲ್ಲಿ ಕಡಿತಕ್ಕೂ ದಾರಿ ಇದೆ. ಆದರೆ ನಿಮ್ಮಷ್ಟಕ್ಕೆ ನೀವೇ ಕಡಿದುಬಿಡಬೇಡಿ, ಲೆಕ್ಕ ತಪ್ಪಿದರೆ ಅದೇ ಬಾಕಿಯಾಗಿ ನಿಲ್ಲುತ್ತದೆ. ಮೊದಲು ಮೀಟರ್‌ಫೆರೈನ್‌ಗೆ ಹೋಗಿ. ಅದು ಬಾಡಿಗೆದಾರರ ಸಂಘ, ಹೆಚ್ಚುಕಡಿಮೆ ಪ್ರತಿ ಊರಲ್ಲೂ ಇದೆ, ವರ್ಷದ ಚಂದಾಕ್ಕೆ ವಕೀಲರ ಸಲಹೆ ಸಿಗುತ್ತದೆ. ನಮ್ಮ 640ರ ಲೆಕ್ಕ ತಿದ್ದಿಸಿದ್ದೂ ಅವರ ಸಲಹೆಯೇ. ಇನ್ನೊಂದು, ಹಾಫ್ಟ್‌ಫ್ಲಿಷ್ಟ್ ವಿಮೆ, ನಮ್ಮಿಂದ ಬೇರೆಯವರಿಗೆ ಆದ ನಷ್ಟವನ್ನು ತುಂಬಿಕೊಡುವ ವಿಮೆ. ಕಟ್ಟಡದ ಕೀಲಿ ಕಳೆದುಹೋಗಿ ಎಲ್ಲ ಬೀಗ ಬದಲಿಸಬೇಕಾಗಿ ಬಂದರೆ ಸಾವಿರಾರು ಯೂರೋ ಆಗುತ್ತದೆ, ಕೀಲಿಯ ಅಂಶ ಪಾಲಿಸಿಯಲ್ಲಿ ಇದೆಯೇ ಎಂದು ಕೇಳಿಯೇ ಮಾಡಿಸಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಇಷ್ಟು ಬಾಡಿಗೆ ಕೊಡುವ ಬದಲು ಇಎಂಐ ಕಟ್ಟಬಹುದಲ್ಲ? ಊರಿನ ಲೆಕ್ಕವನ್ನು ಇಲ್ಲಿಗೆ ತರಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಐದು ಲಕ್ಷ ಯೂರೋ ಮನೆಗೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಖರೀದಿ ತೆರಿಗೆಯೇ ಶೇ 3.5, ಅಂದರೆ 17,500. ಕಲೋನ್, ಡ್ಯೂಸೆಲ್‌ಡಾರ್ಫ್ ಇರುವ ರಾಜ್ಯದಲ್ಲಿ ಶೇ 6.5, ಅಂದರೆ 32,500. ಅದರ ಮೇಲೆ ನೋಟರಿ, ಭೂದಾಖಲೆ ಸೇರಿ ಶೇ 2ರ ಆಸುಪಾಸು. ದಲ್ಲಾಳಿ ಇದ್ದರೆ ನಿಮ್ಮ ಪಾಲು ಸಾಮಾನ್ಯವಾಗಿ ಶೇ 3.57. ಮ್ಯೂನಿಕ್‌ನಲ್ಲೇ 45,000 ಯೂರೋ ಮನೆಯ ಬೆಲೆಗೆ ಸೇರದೆ ಹೋಗುತ್ತದೆ, ಅದನ್ನು ಕೈಯಿಂದ ತನ್ನಿ ಎನ್ನುತ್ತವೆ ಹೆಚ್ಚಿನ ಬ್ಯಾಂಕುಗಳು. ನಾಲ್ಕೈದು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಆ ಹಣ ತಿರುಗಿ ಬರುವುದು ಕಷ್ಟ. ಸಾಲದ ರೀತಿಯೂ ಬೇರೆ. ನಮ್ಮ ಹೋಂ ಲೋನ್ ಬಡ್ಡಿ ರೆಪೊ ದರದ ಜೊತೆ ಏರಿಳಿಯುತ್ತದೆ, ಬೋನಸ್ ಬಂದಾಗ ಅಸಲಿಗೆ ಹಾಕಿ ಹಗುರಾಗುತ್ತೇವೆ. ಇಲ್ಲಿ ಹತ್ತು ಹದಿನೈದು ವರ್ಷಕ್ಕೆ ಬಡ್ಡಿ ನಿಗದಿ. ಏರುವ ಭಯವಿಲ್ಲ, ಆದರೆ ನಡುವೆ ತೀರಿಸಿದರೆ ಬ್ಯಾಂಕ್ ಪರಿಹಾರ ಕೇಳುತ್ತದೆ. ವರ್ಷಕ್ಕಿಷ್ಟು ಹೆಚ್ಚುವರಿ ಕಟ್ಟುವ ಅವಕಾಶವನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಸಾಲ ಪೂರ್ತಿ ಕೈಸೇರಿ ಹತ್ತು ವರ್ಷ ಕಳೆದ ಮೇಲೆ ಮಾತ್ರ, ಆರು ತಿಂಗಳ ನೋಟಿಸ್ ಕೊಟ್ಟು ದಂಡವಿಲ್ಲದೆ ಬಿಡಿಸಿಕೊಳ್ಳಬಹುದು. ಜರ್ಮನ್ ಭಾಷೆಯಲ್ಲಿ ‘ಶುಲ್ಡ್’ ಅಂದರೆ ತಪ್ಪು, ಅದರ ಬಹುವಚನ ‘ಶುಲ್ಡೆನ್’ ಅಂದರೆ ಸಾಲ. ಸಾಲ ಶೂಲ ಎನ್ನುವ ನಮ್ಮ ಅಜ್ಜಂದಿರಿಗೆ ಇವರು ಹತ್ತಿರದವರು. ನನ್ನ ಕೆಳಮನೆಯ ಅಜ್ಜಿ ಅದೇ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಬೆಳೆಸಿ ಮೊಮ್ಮಕ್ಕಳನ್ನು ಕಂಡಿದ್ದಾರೆ, ಕರಾರಿನಿಂದ ಹಿಡಿದು ಪ್ರತಿ ವರ್ಷದ ಲೆಕ್ಕದವರೆಗೆ ಎಲ್ಲ ಕಾಗದ ಹಸಿರು ಫೈಲುಗಳಲ್ಲಿ ಸಾಲಾಗಿ ನಿಂತಿವೆ. ಸ್ವಂತ ಮನೆ ಇಲ್ಲವೆಂಬ ಕೊರಗನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ.

ಮನೆ ಬಿಡುವಾಗ ನಿಮ್ಮ ಗಡುವು ಎಷ್ಟು ವರ್ಷ ಇದ್ದರೂ ಮೂರೇ ತಿಂಗಳು. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಕಾಗದದ ಮೇಲೆ, ಕರಾರಿನಲ್ಲಿ ಹೆಸರಿರುವ ಎಲ್ಲರ ಸಹಿಯೊಂದಿಗೆ, ತಿಂಗಳ ಮೂರನೇ ಕೆಲಸದ ದಿನದೊಳಗೆ ಅವರ ಕೈಗೆ ತಲುಪಬೇಕು. ಆಗಸ್ಟ್ 31ಕ್ಕೆ ಬಿಡಬೇಕಾದರೆ ಜೂನ್ ಮೊದಲ ದಿನಗಳಲ್ಲೇ ಅದು ಅಲ್ಲಿರಬೇಕು, ಎರಡು ದಿನ ತಡವಾದರೆ ಸೆಪ್ಟೆಂಬರ್ ಬಾಡಿಗೆಯೂ ನಿಮ್ಮ ತಲೆಗೇ. ಬಣ್ಣದ ವಿಷಯಕ್ಕೆ ಬಂದರೆ, ಬೆಂಗಳೂರಿನ ಹಾಗೆ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಹಿಡಿಯುವ ಪದ್ಧತಿ ಇಲ್ಲ. ಬಣ್ಣ ಹಾಕದ ಮನೆಯನ್ನು, ಅದಕ್ಕೆ ತಕ್ಕ ಪರಿಹಾರವಿಲ್ಲದೆ, ನಿಮಗೆ ಕೊಟ್ಟಿದ್ದರೆ ನೀವು ಬಣ್ಣ ಹಾಕಿಸಿ ಹೋಗಬೇಕೆಂಬ ಅಚ್ಚು ಕರಾರಿನ ಷರತ್ತು ಊರ್ಜಿತವಲ್ಲ ಎಂದು 2015ರಲ್ಲಿ ಇಲ್ಲಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿದೆ. ಅದಕ್ಕೇ ಒಳಬರುವ ದಿನದ ಫೋಟೋಗಳು, ಇಬ್ಬರೂ ಸಹಿ ಮಾಡಿದ ಹಸ್ತಾಂತರ ಪತ್ರ ಬೇಕಾಗುವುದು.

ನಾವು ಆ ಮೊದಲ ಮನೆ ಬಿಟ್ಟ ದಿನ ನೀರಿನ, ಬಿಸಿಯ ಮೀಟರುಗಳ ಅಂಕಿ ಬರೆದುಕೊಂಡು, ಐದು ಕೀಲಿ ಎಣಿಸಿ ಕೊಟ್ಟು, ಮೂರು ಹಾಳೆಗೆ ಸಹಿ ಹಾಕಿದೆವು. ನಾವು ಕೂರಿಸಿದ್ದ ಒಲೆ, ಸಿಂಕ್, ಕಪಾಟುಗಳನ್ನು ಹೊಸದಾಗಿ ಬರುವ ಗಂಡ ಹೆಂಡತಿ 900 ಯೂರೋ ಕೊಟ್ಟು ಉಳಿಸಿಕೊಂಡರು. ಠೇವಣಿ ನಾಲ್ಕು ತಿಂಗಳ ಮೇಲೆ ಬಂತು, ಕೊನೆಯ ನೇಬೆನ್‌ಕೋಸ್ಟೆನ್ ಲೆಕ್ಕಕ್ಕೆಂದು 200 ಹಿಡಿದಿಟ್ಟುಕೊಂಡು. ಆ 200ನ್ನು ಮರುವರ್ಷ ಲೆಕ್ಕದ ಕಾಗದದ ಜೊತೆ ಕೇಳಿ ತರಿಸಿಕೊಂಡೆವು.