ಲೆದರ್ ಬಾಲ್, ಟೆನಿಸ್ ಬಾಲ್ ಒಟ್ಟಿಗೆ ಬೀಳಬೇಕೇ? ಹೀಗೆ ಬಿಡಿ

ವಿಜ್ಞಾನ ಮೇಳಗಳಲ್ಲಿ ಈ ಪ್ರಯೋಗ ಕೆಡುವುದನ್ನು ನೋಡುತ್ತಲೇ ಇರುತ್ತೇನೆ. ಎರಡು ಚೆಂಡು ಬಿಡುತ್ತಾರೆ, ಒಂದು ಮೊದಲು ಬೀಳುತ್ತದೆ. ‘ಭಾರ ಇರೋದೇ ಬೇಗ ಬಿತ್ತು’ ಅಂತ ಹಿಂದಿನಿಂದ ಯಾರೋ ಕೂಗುತ್ತಾರೆ. ಕೆಡಿಸಿದ್ದು ಬಿಟ್ಟವರ ಕೈ.

ಹಂತ 1: ಲೆದರ್ ಬಾಲ್ ಸುಮಾರು 160 ಗ್ರಾಂ, ಟೆನಿಸ್ ಬಾಲ್ ಸುಮಾರು 58. ಗಾತ್ರ ಹೆಚ್ಚುಕಡಿಮೆ ಒಂದೇ, ಹಾಗಾಗಿ ಈ ಜೋಡಿಯೇ ಸರಿ. ಥರ್ಮಾಕೋಲ್ ಉಂಡೆ ಬೇಡವೇ ಬೇಡ, ಗಾಳಿ ತಡೆಯುತ್ತದೆ.

ಹಂತ 2: ನೆಲಕ್ಕೆ ಹಳೆಯ ತಗಡು ಹಾಸಿ.

ಹಂತ 3: ಬಿಡುವುದು. ಎರಡು ಕೈಯಲ್ಲಿ ಹಿಡಿದು ಬಿಡಬೇಡಿ. 2 ಮೀಟರ್ ಬೀಳಲು ಹಿಡಿಯುವುದು 0.64 ಸೆಕೆಂಡು. ಒಂದು ಕೈ 0.05 ಸೆಕೆಂಡು ತಡವಾಗಿ ಬಿಟ್ಟರೂ, ಮೊದಲ ಚೆಂಡು ನೆಲ ಮುಟ್ಟುವಾಗ ಇನ್ನೊಂದು 30 ಸೆಂಟಿಮೀಟರ್ ಮೇಲಿರುತ್ತದೆ. ಅಷ್ಟು ಸಾಕು ಜಗಳಕ್ಕೆ. ಹಲಗೆ ಓರೆ ಮಾಡಿ ಉರುಳಿಸುವುದೂ ಮೋಸವೇ: ಟೆನಿಸ್ ಬಾಲ್ ಒಳಗೆ ಟೊಳ್ಳು, ಉರುಳುವುದು ನಿಧಾನ. ಒಂದು ಮಣೆ ತೆಗೆದುಕೊಳ್ಳಿ. ಅಂಚಿನ ಹತ್ತಿರ ಎರಡು ಪ್ಲಾಸ್ಟಿಕ್ ಬಳೆಗಳನ್ನು ಅಕ್ಕಪಕ್ಕ ಟೇಪ್ ಹಾಕಿ ಅಂಟಿಸಿ, ಅದರಲ್ಲಿ ಚೆಂಡು ಕೂರಿಸಿ. ಸ್ಟೂಲ್ ಮೇಲೆ ನಿಂತು ಮಣೆಯನ್ನು ಮಟ್ಟವಾಗಿ ಹಿಡಿದು, ಪಟ್ಟನೆ ಕೆಳಕ್ಕೆ ಜಗ್ಗಿ ಪಕ್ಕಕ್ಕೆಳೆಯಿರಿ. ಹೆದರಿ ಮೆಲ್ಲಗೆ ಇಳಿಸಿದರೆ ಚೆಂಡು ಮಣೆಯ ಜೊತೆಗೇ ಬರುತ್ತದೆ.

ಹಂತ 4: ಕಣ್ಣು ಮುಚ್ಚಿ ಕೇಳಿ. ತಗಡಿನ ಮೇಲೆ ಒಂದೇ ‘ಟಣ್’.

ಯಾಕೆ ಹೀಗೆ? ಲೆದರ್ ಬಾಲನ್ನು ಭೂಮಿ ಸುಮಾರು ಮೂರು ಪಟ್ಟು ಜೋರಾಗಿ ಎಳೆಯುತ್ತದೆ, ನಿಜ. ಆದರೆ ಅದನ್ನು ಅಲುಗಿಸುವುದೂ ಅಷ್ಟೇ ಪಟ್ಟು ಕಷ್ಟ. ಎಳೆತ ಜಾಸ್ತಿ, ಜಡತ್ವವೂ ಜಾಸ್ತಿ. ಎರಡೂ ಸರಿಹೋಗಿ ಪ್ರತಿ ಸೆಕೆಂಡಿಗೆ ವೇಗ ಏರುವುದು ಇಬ್ಬರಿಗೂ ಸೆಕೆಂಡಿಗೆ 9.8 ಮೀಟರ್‌ನಷ್ಟು. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆ ಮತ್ತು ಗಿಡುಗದ ಗರಿ ಬಿಟ್ಟಾಗ ಎರಡೂ ಒಟ್ಟಿಗೇ ಬಿದ್ದವು. ಅವರು ಕೈಯಿಂದಲೇ ಬಿಟ್ಟಿದ್ದು, ಆದರೆ ಅಲ್ಲಿ ಬೀಳುವುದೇ ನಿಧಾನ ಅಲ್ವಾ!

ಇನ್ನೂ ಎತ್ತರದಿಂದ ಬಿಟ್ಟರೆ ಚೆನ್ನಾಗಿ ಕಾಣುತ್ತದೆ ಅಂತ ತಾರಸಿ ಹತ್ತುವವರಿದ್ದಾರೆ. ಬೇಡ. 10 ಮೀಟರ್‌ಗೆ ವೇಗ ಏರಿ, ಗಾಳಿ ಹಗುರ ಚೆಂಡನ್ನು ಎದ್ದು ಕಾಣುವಷ್ಟು ಹಿಂದೆ ಹಾಕುತ್ತದೆ. ಕೆಳಗೆ ಓಡಾಡುವವರ ತಲೆಯ ವಿಷಯ ಬೇರೆ.